ನೆರೆಹೊರೆಯೂ ಸುವಾರ್ತೆಯೂ

ಕ್ರೈಸ್ತರ ಧರ್ಮಗ್ರಂಥದ ನಾಲ್ಕನೆಯ ಸುವಾರ್ತೆಯಲ್ಲಿ ಬಾವಿಯೊಂದರ ಪ್ರಸಂಗವುಂಟು. ಯೇಸುವು ಪ್ರಯಾಣದಿಂದ ಬಳಲಿ ನಡುಹಗಲಿನ ಬಿಸಿಲಿನಲ್ಲಿ ಬಾವಿಯ ಬಳಿ ಕುಳಿತಿರುವಾಗ ಸಮಾರ್ಯದ ಹೆಂಗಸೊಬ್ಬಳು ನೀರು ಸೇದಲು ಬರುತ್ತಾಳೆ. ಆತನು ಕುಡಿಯುವುದಕ್ಕೆ ನೀರು ಕೇಳುತ್ತಾನೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಆ ಕಾಲದಲ್ಲಿ ಬಳಕೆಯಿರಲಿಲ್ಲ. ಆದುದರಿಂದ ಆಕೆ ಬೆರಗಾಗುತ್ತಾಳೆ. ಮಾತಿಗೆ ಮಾತು ಬೆಳೆಯುತ್ತದೆ. ಕಡೆಗೆ ತಂದ ಕೊಡವನ್ನು ಅಲ್ಲಿಯೇ ಬಿಟ್ಟು ಊರೊಳಗೆ ಹೋಗಿ ತನ್ನವರನ್ನು ಕರೆಯುತ್ತಾಳೆ. ವ್ಯಾಖ್ಯಾನಕಾರರು ಅಲ್ಲಿ ನಡೆದ ತತ್ತ್ವಸಂಭಾಷಣೆಗೆ ಹೆಚ್ಚಿನ ಬೆಲೆ ಕೊಡುವುದುಂಟು. ಆದರೆ ಕನ್ನಡನಾಡಿನ ಓದುಗನ ಕಣ್ಣು ಮೊದಲು ಬೀಳುವುದು ಆ ಕೊಡದ ಮೇಲೆ. ಯಾರ ಬಾವಿಯಲ್ಲಿ ಯಾರು ಸೇದಬಹುದು, ಯಾರ ಕೈಯ ನೀರನ್ನು ಯಾರು ಕುಡಿಯಬಹುದು ಎಂಬ ಕಟ್ಟಳೆಗಳಿಂದಲೇ ಊರಿನ ಕೇರಿಗಳು ಏರ್ಪಟ್ಟಿದ್ದ ದೇಶದಲ್ಲಿ ಆ ಹೆಂಗಸಿನ ಬೆರಗನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಗ್ರಂಥದಲ್ಲಿ ಅಂದ್ರೆಯನೆಂಬವನು ಯೇಸುವನ್ನು ಕಂಡೊಡನೆ ಮೊದಲು ಮಾಡಿದ ಕೆಲಸವೆಂದರೆ ತನ್ನ ಒಡಹುಟ್ಟಿದ ಸೀಮೋನನನ್ನು ಹುಡುಕಿ ಕರೆತಂದುದು. ಫಿಲಿಪ್ಪನು ನತಾನಯೇಲನ ಬಳಿಗೆ ಹೋದನು. ಬೇರೊಂದು ಸುವಾರ್ತೆಯಲ್ಲಿ, ದೆವ್ವ ಬಿಟ್ಟು ಸ್ವಸ್ಥನಾದವನೊಬ್ಬನು ತಾನೂ ಜತೆಯಲ್ಲಿ ಬರುವೆನೆಂದು ಬೇಡಿಕೊಂಡರೆ, ಮನೆಗೆ ಹೋಗಿ ನಿನ್ನ ಜನರಿಗೆ ಆದದ್ದನ್ನು ತಿಳಿಸು ಎಂದು ಆತನನ್ನು ಹಿಂದಕ್ಕೆ ಕಳುಹಿಸಲಾಗುತ್ತದೆ. ಮೊದಲ ತಲೆಮಾರಿನಲ್ಲಿ ಆ ಮತವು ಹಬ್ಬಿದ ದಾರಿ ಇದೇ. ಅಣ್ಣನಿಂದ ತಮ್ಮನಿಗೆ, ಗೆಳೆಯನಿಂದ ಗೆಳೆಯನಿಗೆ, ಬಾವಿಯಿಂದ ಮನೆಗೆ. ಮುದ್ರಣಾಲಯವೂ ಪಾಠಶಾಲೆಯೂ ಆಸ್ಪತ್ರೆಯೂ ಬಹುಕಾಲದ ಮೇಲೆ ಬಂದ ಸಾಧನಗಳು. ಇಂಥ ಹಾದಿಯುಳ್ಳ ಮತವು ಕನ್ನಡ ಕರಾವಳಿಗೆ ಬಂದಾಗ ವಿಚಿತ್ರವಾದೊಂದು ತೊಡಕಿಗೆ ಸಿಕ್ಕಿತು. ಯಾವನು ಆ ಮಾತನ್ನು ಒಪ್ಪಿದನೋ ಅವನು ಒಪ್ಪಿದ ದಿನವೇ ಮನೆಗೆ ಹೊರಗಾದನು. ಮನೆಗೆ ಹೋಗಿ ತಿಳಿಸು ಎಂದರೆ, ಹೋಗುವುದಕ್ಕೆ ಮನೆಯೇ ಇಲ್ಲ.

ಮಂಗಳೂರಿನ ಆನಂದರಾವ್ ಕೌಂಡಿನ್ಯನ ಚರಿತ್ರೆ ಇದಕ್ಕೆ ಉದಾಹರಣೆ. ಜರ್ಮನ್ ಪಾದ್ರಿ ಹೆರ್ಮನ್ ಮೋಗ್ಲಿಂಗನು ಬಾಸೆಲ್ ಮಿಶನ್ನಿನ ಪರವಾಗಿ 1836ರಲ್ಲಿ ಮಂಗಳೂರಿಗೆ ಬಂದವನು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವೆಂಬ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರಡಿಸಿ ಕನ್ನಡ ಪತ್ರಿಕೋದ್ಯೋಗಕ್ಕೆ ನಾಂದಿ ಹಾಡಿದವನು ಇವನೇ. ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ಮನೆತನದ ತರುಣ ಆನಂದರಾಯನು 1844ರ ಜನವರಿಯಲ್ಲಿ ಇನ್ನಿಬ್ಬರು ತರುಣರೊಡನೆ ಸ್ನಾನದೀಕ್ಷೆಯನ್ನು ಪಡೆದನು. ಊರಿನಲ್ಲಿ ದೊಡ್ಡ ಕೋಲಾಹಲವಾಯಿತು. ಆಗ ಆತನಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಆದರೆ ಆ ಕಾಲದ ಪದ್ಧತಿಯಂತೆ ಮದುವೆಯಾಗಿ ಹೋಗಿತ್ತು. ಆ ಎಳೆಯ ಹೆಂಡತಿ ಗಂಡನನ್ನು ಹಿಂಬಾಲಿಸಲಿಲ್ಲ. ಆಕೆಯ ಇಷ್ಟವೇನಾಗಿತ್ತೆಂದು ಯಾರಾದರೂ ಕೇಳಿದರೋ ಇಲ್ಲವೋ. ಈ ಬಗೆಯ ವೃತ್ತಾಂತಗಳನ್ನು ಬರೆದಿಟ್ಟವರೆಲ್ಲರೂ ಗಂಡಸರು.

ಆತನು ಮೋಗ್ಲಿಂಗನೊಡನೆ 1846ರಲ್ಲಿ ಬಾಸೆಲಿಗೆ ಹೋಗಿ, ಓದಿ, 1851ರಲ್ಲಿ ಅಭಿಷಿಕ್ತನಾದ ಪಾದ್ರಿಯಾಗಿ ಹಿಂದಿರುಗಿದನು. ಮಂಗಳೂರಿನ ದೈವಜ್ಞಾನ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿದನು. 1860ರಲ್ಲಿ ಜರ್ಮನ್ ಕನ್ಯೆಯೊಬ್ಬಳನ್ನು ವಿವಾಹವಾದನು. 1893ರಲ್ಲಿ ತೀರಿಕೊಂಡನು. ಆತನ ಹೆಸರನ್ನು ಒಂದು ನಿಮಿಷ ನೋಡಬೇಕು. ದೀಕ್ಷೆಯಲ್ಲಿ ಗುರುವಿನ ಹೆಸರು ಸೇರಿ ಹೆರ್ಮನ್ ಆನಂದರಾವ್ ಕೌಂಡಿನ್ಯನೆಂದಾಯಿತು. ಕೌಂಡಿನ್ಯವೆಂಬುದು ಗೋತ್ರ. ಜನಿವಾರ ಹೋಯಿತು, ಪಂಕ್ತಿ ಹೋಯಿತು, ಹೆಂಡತಿ ಹೋದಳು. ಗೋತ್ರ ಮಾತ್ರ ಕುಲನಾಮವಾಗಿ ಉಳಿಯಿತು. ಸಂಧ್ಯಾವಂದನೆಯ ಕೊನೆಯಲ್ಲಿ ದಿನಕ್ಕೆ ಎರಡು ಬಾರಿ ಗೋತ್ರಪ್ರವರಗಳನ್ನು ಹೇಳಿ ಅಭಿವಾದನ ಮಾಡುವ ಅಭ್ಯಾಸವುಳ್ಳವರಿಗೆ ಈ ಸಂಗತಿ ಸುಮ್ಮನೆ ಓದಿಬಿಡತಕ್ಕದ್ದಾಗಿ ತೋರಲಾರದು.

ಇಂಥ ಮನೆಗಳ ಕಷ್ಟಕ್ಕೆ ಸರ್ಕಾರದವರು ಕಾನೂನಿನ ಮದ್ದನ್ನು ಹುಡುಕಿದರು. ಮತವನ್ನು ಬಿಟ್ಟವನಿಗೆ ಪಿತ್ರಾರ್ಜಿತದ ಹಕ್ಕು ತಪ್ಪಬಾರದೆಂದು 1850ರಲ್ಲಿ ಒಂದು ಕಾಯಿದೆಯಾಯಿತು. ಮತಾಂತರವಾದವನ ಸಂಗಡ ಸಂಸಾರ ಮಾಡಲು ಹೆಂಡತಿ ಒಪ್ಪದಿದ್ದರೆ ವಿವಾಹವನ್ನು ಬಿಡಿಸಬಹುದೆಂದು 1866ರಲ್ಲಿ ಇನ್ನೊಂದಾಯಿತು. ಎರಡನೆಯದರಲ್ಲಿ ನ್ಯಾಯಾಧೀಶನು ಆಕೆಯನ್ನು ವಿಚಾರಿಸಿ, ಆಲೋಚನೆಗೆ ಒಂದು ವರ್ಷದ ಅವಧಿಯನ್ನು ಕೊಡತಕ್ಕದ್ದೆಂಬ ವಿಧಿಯೂ ಇದ್ದಿತು. ಕಾಯಿದೆ ಆಸ್ತಿಯನ್ನು ಕೊಡಿಸಬಲ್ಲುದು, ಮದುವೆಯನ್ನು ಬಿಡಿಸಬಲ್ಲುದು. ತಾಯಿ ತನ್ನ ಮಗನ ಎಲೆಗೆ ಅನ್ನ ಬಡಿಸುವಂತೆ ಮಾಡುವ ಕಾಯಿದೆಯನ್ನು ಯಾವ ಸರ್ಕಾರವೂ ಬರೆಯಲಾರದು.

ತುಳುನಾಡಿನಲ್ಲಿ ಈ ತೊಡಕಿಗೆ ಇನ್ನೊಂದು ಮಡಿಕೆಯಿತ್ತು. ಬ್ರಾಹ್ಮಣರ ಸಂಖ್ಯೆ ಮಿಶನ್ನಿನ ಸಭೆಗಳಲ್ಲಿ ಎಂದೂ ಹೆಚ್ಚಾಗಲಿಲ್ಲ. ಅಲ್ಲಿ ಮುಖ್ಯವಾಗಿ ಸೇರಿದವರು ಬಿಲ್ಲವರು. ಅವರದು ಅಳಿಯಸಂತಾನದ ಕಟ್ಟು. ಗಂಡಸು ಸೇರಿದುದು ತಾಯಿಯ ಮನೆಗೆ; ಅವನು ಸಾಕಿ ಸಲಹತಕ್ಕದ್ದು ಅಕ್ಕತಂಗಿಯರ ಮಕ್ಕಳನ್ನು. ಇಂಥ ಕುಟುಂಬದ ಯಜಮಾನನು ಕ್ರೈಸ್ತನಾದರೆ ಒಂದು ಜೀವ ಹೊರಟುಹೋಯಿತೆಂದಷ್ಟೇ ಆಗುವುದಿಲ್ಲ. ಅಳಿಯಂದಿರಿಗೆ ಆಶ್ರಯವೇ ತಪ್ಪಿತು. ಅದರ ಮೇಲೆ ಕುಟುಂಬದ ದೈವ. ವರ್ಷಕ್ಕೊಮ್ಮೆ ನಡೆಯುವ ಕೋಲಕ್ಕೆ ಕವಲಿನವರೆಲ್ಲರೂ ಬಂದು ನಿಲ್ಲಬೇಕು. ಒಬ್ಬನು ನಿಲ್ಲದಿದ್ದರೆ ದೈವವು ಪ್ರಶ್ನೆ ಮಾಡುವುದು ಅವನನ್ನಲ್ಲ, ನಿಂತವರನ್ನು. ಮಗುವಿಗೆ ಜ್ವರ ಬಂದರೂ ಹಸು ಕಂದುಹಾಕಿದರೂ ಹೊರಟುಹೋದ ಮಾವನ ನೆನಪು ಬರುವುದು. ಆ ಮನೆಯವರ ಸಿಟ್ಟನ್ನು ಅಂದಿನ ಪಾದ್ರಿಗಳು ಮೌಢ್ಯವೆಂದು ಕರೆದುದುಂಟು. ಅದರಲ್ಲಿ ಭಯವಿತ್ತು, ಭಯದ ಕೆಳಗೆ ಅಗಲಿಕೆಯ ದುಃಖವೂ ಇತ್ತು ಎಂಬುದನ್ನು ಕಾಣುವಷ್ಟು ತಾಳ್ಮೆ ಎಲ್ಲರಿಗೂ ಇರಲಿಲ್ಲ.

ಕಳ್ಳು ಇಳಿಸುವ ಕಸುಬನ್ನು ಮಿಶನ್ನಿನವರು ಒಪ್ಪಲಿಲ್ಲ. ಕಸುಬು ಹೋಗಿ, ಒಕ್ಕಲು ಹೋಗಿ, ಮನೆ ಹೋಗಿ ಬಂದವರಿಗೆ ಅನ್ನದ ದಾರಿಯಾಗಬೇಕಷ್ಟೆ. ನೇಯಿಗೆಯ ಕಾರ್ಖಾನೆ, 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್‌ಸ್ಟನು ಆರಂಭಿಸಿದ ಹಂಚಿನ ಕಾರ್ಖಾನೆ, ಬಲ್ಮಠದ ಮುದ್ರಣಾಲಯ ಇವೆಲ್ಲ ಹುಟ್ಟಿ ಬೆಳೆದುದು ಈ ಅಗತ್ಯದಿಂದ. ಮಂಗಳೂರು ಹಂಚು ಅಲ್ಲಿಂದ ಹೊರಟು ಅರಬೀ ಸಮುದ್ರದ ತೀರದ ಮಾಡುಗಳನ್ನೆಲ್ಲ ಕೆಂಪಾಗಿಸಿತು. ದೇವಸ್ಥಾನಗಳ ಮಾಡುಗಳನ್ನೂ ಬಿಡಲಿಲ್ಲ. ಕೊಡಗಿನಲ್ಲಿ, ಆಗ ಅಸ್ಪೃಶ್ಯರೆನಿಸಿಕೊಂಡಿದ್ದ ಕೂಲಿಯಾಳುಗಳ ವಸತಿಗಾಗಿ ಕೌಂಡಿನ್ಯನು ತನ್ನ ಹಣದಿಂದ ಕೊಂಡ ನೆಲವು ಆತನ ಹೆಸರಿನಿಂದಲೇ ಆನಂದಪುರವೆನಿಸಿತು. ಊರ ಬಾವಿಯಿಂದ ಹೊರಗಾದ ಬ್ರಾಹ್ಮಣನು, ಊರ ಬಾವಿಯನ್ನು ಎಂದೂ ಮುಟ್ಟಲಾಗದಿದ್ದವರಿಗೆ ಊರೊಂದನ್ನು ಕಟ್ಟಿಕೊಟ್ಟನು. ಆ ಮನುಷ್ಯನು ಮಾಡಿದ ಕೆಲಸಗಳಲ್ಲಿ ಇದು ದೊಡ್ಡದೆಂದು ಹೇಳಿದರೆ ತಪ್ಪಾಗಲಾರದು.

ಹೀಗೆ ಹೊಸ ಕೇರಿಗಳು ಕಟ್ಟಲ್ಪಟ್ಟುವು. ಗಂಟೆಯ ಹೊತ್ತಿಗೆ ಏಳುವ, ಗಂಟೆಯ ಹೊತ್ತಿಗೆ ಪ್ರಾರ್ಥಿಸುವ ಜನ ಒಟ್ಟಾಯಿತು. ಆದರೆ ಕೇರಿಯ ಸುತ್ತ ಗೋಡೆಯಿಲ್ಲದಿದ್ದರೂ ಗೋಡೆಯಿದ್ದಂತೆ ಆಯಿತು. ಕ್ರೈಸ್ತನ ಎಡಬಲಗಳಲ್ಲಿ ಕ್ರೈಸ್ತನೇ ಇರುವಾಗ ಅವನು ತನ್ನ ಮತವನ್ನು ಹಂಚಿಕೊಳ್ಳುವುದು ಯಾರೊಡನೆ? ಆ ಕೆಲಸವು ಸಂಬಳದ ಉಪದೇಶಿಗಳ ಪಾಲಿಗೆ ಬಂದಿತು. ಅವರು ಸಂತೆಗಳಲ್ಲಿಯೂ ಜಾತ್ರೆಗಳಲ್ಲಿಯೂ ನಿಂತು ಅಪರಿಚಿತರಿಗೆ ಉಪನ್ಯಾಸ ಮಾಡುತ್ತಿದ್ದರು. ಜಾತ್ರೆಗೆ ಬಂದವನು ಮಿಠಾಯಿ ಕೊಳ್ಳುವ ಮೊದಲು ಸ್ವಲ್ಪ ಹೊತ್ತು ನಿಂತು ಕೇಳಿ ಹೋಗುತ್ತಿದ್ದನು. ಹೇಳಿದವನು ಇರುಳು ಹೇಗೆ ಮಲಗುತ್ತಾನೆ, ಹೆಂಡತಿಯನ್ನು ಹೇಗೆ ನಡೆಸಿಕೊಳ್ಳುತ್ತಾನೆ, ಸಾಲವನ್ನು ಹೇಗೆ ತೀರಿಸುತ್ತಾನೆ ಎಂಬುದು ಕೇಳಿದವನಿಗೆ ತಿಳಿಯದು. ತಿಳಿಯದವನ ಮಾತು ಎಷ್ಟು ದೂರ ಹೋದೀತು?

ಪಂಡಿತರೊಡನೆ ಪಾಂಡಿತ್ಯದ ಹಾದಿಯನ್ನು ಹಿಡಿದವರೂ ಇದ್ದರು. 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲನು ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿಗೆ ಇಳಿಸಿ 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿದನು. ವೈದಿಕ ಯಜ್ಞಗಳನ್ನು ಅಭ್ಯಾಸಮಾಡಿ, ಯಜ್ಞವೆಂಬ ಭಾವನೆಯ ಮೂಲಕ ಕ್ರಿಸ್ತನ ಬಲಿದಾನವನ್ನು ತಿಳಿಸಲೆಳಸಿ, 1872ರಲ್ಲಿ ‘ಯಜ್ಞಸುಧಾನಿಧಿ’ ಎಂಬ ಗ್ರಂಥವನ್ನು ಹೊರತಂದನು. ಬಾಗಿಲನ್ನು ಸರಿಯಾಗಿಯೇ ಗುರುತಿಸಿದನೆಂದು ಹೇಳಬೇಕು. ಆದರೆ ಯಾಜ್ಞಿಕನ ಮನೆಯಲ್ಲಿ ಕಿಟ್ಟೆಲನ ಹೆಸರು ನಿಂತಿರುವುದು ಅದರಿಂದಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟಿನಿಂದ. ಒಂದು ಶಬ್ದದ ಅರ್ಥಕ್ಕಾಗಿ ರೈತನ ಮನೆಯಂಗಳದಲ್ಲಿ ಕಾದು ನಿಂತವನನ್ನು ಆ ರೈತನೂ ಅವನ ನೆರೆಯವರೂ ಮರೆಯುವುದಿಲ್ಲ. ಕೇಳುವವನು ಮೇಲಿಂದ ಮಾತಾಡಲಾರನು. ಸಮಾರ್ಯದ ಬಾವಿಯಲ್ಲಿಯೂ ಮೊದಲು ಕೈಯೊಡ್ಡಿದವನು ಉಪದೇಶಕನೇ ಅಲ್ಲವೇ?

ಬಯಲುಸೀಮೆಯಲ್ಲಿ ಈ ಹಾದಿಯನ್ನು ಕೊನೆಯವರೆಗೆ ನಡೆದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದರು, ಪೂರ್ವಿಕರು ಲಿಂಗಾಯತರು, ಹೆಸರು ಚನ್ನಪ್ಪನೆಂದೇ ಉಳಿಯಿತು. ಮಂಗಳೂರಿನಲ್ಲಿ ದೈವಜ್ಞಾನವನ್ನು ಓದಿ ಪಾದ್ರಿಗಳಾದರು. ಹಳ್ಳಿಯಿಂದ ಹಳ್ಳಿಗೆ ಸುವಾರ್ತೆಯನ್ನು ಹೇಳುತ್ತ ಹೋದ ಅವರು ಹಳ್ಳಿಗರ ಬಾಯಿಂದ ಸರ್ವಜ್ಞನ ವಚನಗಳನ್ನು ಕೇಳಿ ಬರೆದುಕೊಳ್ಳುತ್ತ ಬಂದರು. ಹೇಳುವುದಕ್ಕೆ ಹೋದವರು ಕೇಳುವುದಕ್ಕೆ ಕುಳಿತರು. ಸಾವಿರಕ್ಕೆ ಮೀರಿದ ಆ ವಚನಗಳು 1924ರಲ್ಲಿ ಗ್ರಂಥವಾದುವು. ಮುಂದೆ ಬಸವಾದಿ ಶರಣರ ಸಾಹಿತ್ಯದಲ್ಲಿಯೂ ಅನುಭವಮಂಟಪದ ಇತಿಹಾಸದಲ್ಲಿಯೂ ಅವರು ಪಟ್ಟ ಶ್ರಮವನ್ನು ಕಂಡು ಮಠಗಳವರೂ ಅವರನ್ನು ಆದರಿಸಿದರು. 1949ರಲ್ಲಿ ಕಲಬುರಗಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನವು ಈ ಪಾದ್ರಿಗಳನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು. ತಮ್ಮ ಮತವನ್ನು ಅವರು ಬಿಡಲಿಲ್ಲ, ಮುಚ್ಚಿಡಲೂ ಇಲ್ಲ. ಅಜ್ಜನು ಹೊರಟುಬಂದ ಮನೆಯ ಅಂಗಳದಲ್ಲಿ ಮೊಮ್ಮಗನಿಗೆ ಕಂಬಳಿ ಹಾಸಿದರು ಎಂಬುದು ವಿಶೇಷ. ಸಭೆಗೆ ಎಷ್ಟು ಜನರನ್ನು ಸೇರಿಸಿದರೆಂದು ಲೆಕ್ಕ ಕೇಳುವವರು ಅವರ ಕಾಲದಲ್ಲಿಯೂ ಇದ್ದಿರಬೇಕು. ಅಂಥವರಿಗೆ ಈ ಕಂಬಳಿಯ ಬೆಲೆ ತಿಳಿಯದು.

ಇಷ್ಟು ದೊಡ್ಡವರ ಮಾತನ್ನು ಬಿಟ್ಟು ಮನೆಮನೆಯ ವ್ಯವಹಾರವನ್ನು ನೋಡಿದರೂ ಇದೇ ಕಾಣುವುದು. ಮಂಗಳೂರಿನ ಕಡೆಯ ಕೊಂಕಣಿ ಕೆಥೊಲಿಕರು ಸೆಪ್ಟೆಂಬರ್ 8ರಂದು ಕನ್ಯಾಮರಿಯಮ್ಮನ ಜನ್ಮದಿನದ ಹಬ್ಬದಲ್ಲಿ ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ತಂದು, ಹೊಸ ಅಕ್ಕಿಯನ್ನು ಊಟಕ್ಕೆ ಸೇರಿಸುತ್ತಾರೆ. ನೆರೆಯ ಹಿಂದೂಗಳ ಮನೆಯಲ್ಲಿ ಕೊರಲು ಕಟ್ಟಿ ಹೊಸತು ಊಟಮಾಡುವ ಕಾಲವೂ ಸುಮಾರಾಗಿ ಅದೇ. ಕ್ರಿಸ್ಮಸ್ಸಿನಲ್ಲಿ ಕುಸ್ವಾರವೆಂದು ಕರೆಯುವ ತಿಂಡಿಗಳನ್ನು ತಟ್ಟೆಯಲ್ಲಿಟ್ಟು ಮೇಲೆ ಬಟ್ಟೆ ಮುಚ್ಚಿ ಮಕ್ಕಳ ಕೈಯಲ್ಲಿ ನೆರೆಮನೆಗಳಿಗೆ ಕಳುಹಿಸುತ್ತಾರೆ. ಅದರಲ್ಲಿ ಚಕ್ಕುಲಿಯಿರುವುದು, ನೆವ್ರಿಯಿರುವುದು, ನೆವ್ರಿಯೆಂದರೆ ಕರ್ಜಿಕಾಯಿಯೇ. ಮಡಿಯವರ ಮನೆಗಳಿಗೆ ಹಿಂದಿನ ಕಾಲದಲ್ಲಿ ಬಾಳೆಯ ಹಣ್ಣು, ತೆಂಗಿನಕಾಯಿ, ಸಕ್ಕರೆ ಇಷ್ಟೇ ಹೋಗುತ್ತಿದ್ದುವು. ಕೊಟ್ಟವರಿಗೆ ಅದರಿಂದ ಬೇಸರವಿರಲಿಲ್ಲ, ಕೊಂಡವರಿಗೆ ಸಂಕೋಚವಿರಲಿಲ್ಲ. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ನಿಯಮ ಎರಡು ಕಡೆಗೂ ಒಂದೇ.

ಕಂಕನಾಡಿಯಲ್ಲಿ ಫಾದರ್ ಮುಲ್ಲರರು 1880ರಲ್ಲಿ ಹೋಮಿಯೋಪಥಿಯ ಔಷಧವನ್ನು ಕೊಡಲಾರಂಭಿಸಿದಾಗ ರೋಗಿಯ ಜಾತಿಮತಗಳನ್ನು ಕೇಳಲಿಲ್ಲ. ಕಾರ್ಕಳದ ಬಳಿಯ ಅತ್ತೂರಿನ ಸಂತ ಲಾರೆನ್ಸನ ಜಾತ್ರೆಯಲ್ಲಿ ಮೇಣದ ಬತ್ತಿಯನ್ನು ಹಚ್ಚುವವರಲ್ಲಿ ಹಿಂದೂಗಳು ಸಾವಿರಾರು ಜನ. ಇದೆಲ್ಲವೂ ಮತಪ್ರಚಾರದ ತಂತ್ರವೆಂದು ಶಂಕಿಸುವವರು ಉಂಟು. ಇದರಲ್ಲಿ ಮತವೇ ಇಲ್ಲ, ಬರಿಯ ಲೋಕಾಚಾರವೆಂದು ತಳ್ಳಿಹಾಕುವ ಕ್ರೈಸ್ತರೂ ಉಂಟು. ಶಂಕಿಸುವವರ ಮಾತಿಗೆ ಆಧಾರವಿಲ್ಲವೆನ್ನಲಾಗದು. ಕ್ಷಾಮದಲ್ಲಿ ಅನ್ನವನ್ನೂ ರೋಗದಲ್ಲಿ ಔಷಧವನ್ನೂ ತೋರಿಸಿ ಮನಸ್ಸನ್ನು ಕೊಳ್ಳುವುದು ಯಾವ ಮತದವರು ಮಾಡಿದರೂ ವ್ಯಾಪಾರವೇ. ಆದರೆ ಪ್ರಿಯವಾದುದನ್ನು ಪ್ರಿಯರಾದವರಿಗೆ ತಿಳಿಸಬೇಕೆಂಬ ಆಸೆ ವ್ಯಾಪಾರವಲ್ಲ. ಕಾಶಿಗೆ ಹೋಗಿ ಬಂದವನು ಗಂಗೆಯ ಮಾತನ್ನು ಆಡದೆ ಇರಬಲ್ಲನೇ?

ಕ್ರೈಸ್ತರು ಈ ತಿಳಿಸುವಿಕೆಗೆ ‘ಸಾಕ್ಷಿ’ ಎಂಬ ಶಬ್ದವನ್ನು ಬಳಸುತ್ತಾರೆ. ಕನ್ನಡದ ಅನುವಾದಕರು ಇದನ್ನು ಆರಿಸಿಕೊಂಡುದು ಒಳ್ಳೆಯದಾಯಿತು. ಸಾಕ್ಷಾತ್ತಾಗಿ ನೋಡಿದವನೇ ಸಾಕ್ಷಿಯೆಂದು ವೈಯಾಕರಣರ ಮತ. ಕೇಳಿ ಹೇಳುವವನಿಗೆ ಆ ಹೆಸರು ಸಲ್ಲದು. ವೇದಾಂತದಲ್ಲಂತೂ ಸಾಕ್ಷಿಯು ನೋಡುತ್ತಾನೆ, ಕೈಹಾಕುವುದಿಲ್ಲ. ಈ ಅರ್ಥವನ್ನು ಹಿಡಿದು ಯೋಚಿಸಿದರೆ ಬೀದಿಯಲ್ಲಿ ಮಾತು ಹೇಳುವವನಿಗಿಂತ ಅವನ ನೆರೆಮನೆಯವನೇ ನಿಜವಾದ ಸಾಕ್ಷಿ. ಇಪ್ಪತ್ತು ವರ್ಷ ಬೇಲಿಯಾಚೆಯಿಂದ ನೋಡಿದವನು ಅವನು. ಕ್ರೈಸ್ತನ ಮತದ ವಿಷಯದಲ್ಲಿ ತೀರ್ಪು ಕೊಡುವುದಕ್ಕೆ ಬೇಕಾದುದೆಲ್ಲ ಅವನ ಕಣ್ಣಿನಲ್ಲಿಯೇ ಇರುತ್ತದೆ.

ಉಡುಪಿಗೂ ಮುಲ್ಕಿಗೂ ನಡುವೆ ಒಂದು ಹಳ್ಳಿಯಲ್ಲಿ, 1940ರ ಸುಮಾರಿಗೆ, ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯೊಬ್ಬಳು ಇದ್ದಳು. ಪ್ರೊಟೆಸ್ಟೆಂಟ್ ಸಭೆಗೆ ಸೇರಿದವಳು, ಅವಿವಾಹಿತೆ, ಬಾಡಿಗೆಯ ಸಣ್ಣ ಮನೆಯಲ್ಲಿ ವಾಸ. ಎದುರಿಗೆ ಭಟ್ಟರ ಮನೆ. ಭಟ್ಟರು ಎರಡು ದೇವಸ್ಥಾನಗಳ ಪೂಜೆಯನ್ನು ಮುಗಿಸಿ ಬರುವಾಗ ಮಧ್ಯಾಹ್ನ ಕಳೆಯುತ್ತಿತ್ತು. ಅವರ ತಮ್ಮನು ಆ ಕಡೆಯ ಅನೇಕ ಹುಡುಗರಂತೆ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ದುಡಿಯುತ್ತಿದ್ದನು. ಅವನ ಕಾಗದವು ಟಪಾಲಿನಲ್ಲಿ ಬೆಳಗಿನ ಹೊತ್ತಿಗೆ ಬರುತ್ತಿತ್ತು. ಓದುಬರಹ ತಿಳಿಯದ ತಾಯಿಗೆ ಭಟ್ಟರು ಬರುವವರೆಗೆ ಕಾಯುವ ತಾಳ್ಮೆಯಿಲ್ಲ. ಉಪಾಧ್ಯಾಯಿನಿ ಶಾಲೆಗೆ ಹೊರಡುವ ಮುಂಚೆ ಜಗಲಿಯ ಅಂಚಿನಲ್ಲಿ ಕುಳಿತು ಓದಿ ಹೇಳುತ್ತಿದ್ದಳು. ಆ ಅಮ್ಮ ಹೊಸ್ತಿಲಿನ ಒಳಗೆ ಕುಳಿತು ಕೇಳುತ್ತಿದ್ದರು. ಕೇರಿಯ ಇತರ ಹೆಂಗಸರೂ ಕ್ರಮೇಣ ತಮ್ಮ ಕಾಗದಗಳನ್ನು ತಂದರು. ಯಾರ ಮಗನು ಹಣ ಕಳುಹಿಸಲಿಲ್ಲ, ಯಾರ ಮಗಳಿಗೆ ಅತ್ತೆಯ ಮನೆಯಲ್ಲಿ ಕಷ್ಟ, ಎಲ್ಲವೂ ಆಕೆಗೆ ಗೊತ್ತು. ಒಂದು ಮನೆಯ ಸುದ್ದಿ ಇನ್ನೊಂದು ಮನೆಗೆ ಆಕೆಯಿಂದ ಎಂದೂ ಹೋಗಲಿಲ್ಲ. ಹಳ್ಳಿಯಲ್ಲಿ ಇದು ಸಣ್ಣ ತಪಸ್ಸಲ್ಲ.

ಒಂದು ದಿನ ಭಟ್ಟರ ತಾಯಿ, “ನೀನು ಬೆಳಿಗ್ಗೆ ದೀಪದ ಬುಡದಲ್ಲಿ ಓದುತ್ತೀಯಲ್ಲ, ಅದು ಯಾರ ಕಾಗದ ಮಗಳೇ?” ಎಂದು ಕೇಳಿದರು. ಉಪಾಧ್ಯಾಯಿನಿ ನಕ್ಕು ಪುಸ್ತಕವನ್ನು ತಂದು, ಲೂಕನ ಸುವಾರ್ತೆಯಿಂದ ಒಂದು ಕಥೆಯನ್ನು ಓದಿದಳು. ಹೆಂಗಸೊಬ್ಬಳಲ್ಲಿ ಹತ್ತು ಬೆಳ್ಳಿಯ ನಾಣ್ಯಗಳಿದ್ದುವು, ಒಂದು ಕಳೆದುಹೋಯಿತು, ದೀಪ ಹಚ್ಚಿ ಮನೆಯನ್ನೆಲ್ಲ ಗುಡಿಸಿ ಹುಡುಕಿದಳು, ಸಿಕ್ಕಿದ ಮೇಲೆ ನೆರೆಹೊರೆಯವರನ್ನು ಕರೆದು ಸಂತೋಷಪಟ್ಟಳು. ಅಮ್ಮನವರಿಗೆ ಅದು ಬಹಳ ಹಿಡಿಸಿತು. ಮೂಗುತಿಯ ಹರಳು ಕಳೆದು ಸಗಣಿ ಸಾರಿಸಿದ ನೆಲದಲ್ಲೆಲ್ಲ ತಡಕಾಡಿದ ತಮ್ಮ ಸಂಗತಿಯನ್ನು ಹೇಳಿದರು. ಅಂದಿನಿಂದ ಶನಿವಾರ ಶನಿವಾರ ಒಂದು ಕಥೆ ಎಂದಾಯಿತು. ಕಥೆಯಾದ ಮೇಲೆ ಅಮ್ಮನವರು ತಾವು ಕಂಡ ಯಕ್ಷಗಾನದಿಂದ ಒಂದನ್ನು ಹೇಳುತ್ತಿದ್ದರು. ಸುಧಾಮನ ಅವಲಕ್ಕಿಯ ಕಥೆಯನ್ನು ಉಪಾಧ್ಯಾಯಿನಿ ಆ ಜಗಲಿಯಲ್ಲಿ ಮೂರು ಬಾರಿಯಾದರೂ ಕೇಳಿರಬೇಕು.

ಕೇರಿಯಲ್ಲಿ ಮಾತಾಯಿತು. ಭಟ್ಟರು ಒಂದು ಸಂಜೆ ಉಪಾಧ್ಯಾಯಿನಿಯ ಅಂಗಳಕ್ಕೆ ಬಂದು ನಿಂತರು. ಒಳ್ಳೆಯ ಮನುಷ್ಯ; ಸಿಟ್ಟಿನಿಂದ ಬಂದವರಲ್ಲ. “ಟೀಚರೇ, ನಿಮ್ಮ ಮೇಲೆ ನನಗೆ ದೂರಿಲ್ಲ. ಆದರೆ ನನ್ನದು ಪೂಜೆಯ ಮನೆ. ಅಮ್ಮನಿಗೆ ವಯಸ್ಸಾಯಿತು. ನಾಳೆ ನಾಲ್ಕು ಜನ ಏನಾದರೂ ಅಂದರೆ ದೇವಸ್ಥಾನದ ಬಾಗಿಲು ನನಗೆ ಮುಚ್ಚುತ್ತದೆ” ಎಂದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಭಟ್ಟರೇ, ಅಮ್ಮ ಕೇಳಿದರು, ಓದಿದೆ. ನೀವು ಬೇಡವೆಂದರೆ ನಿಮ್ಮ ಜಗಲಿಗೆ ಪುಸ್ತಕವನ್ನು ತರುವುದಿಲ್ಲ. ಆದರೆ ಅದನ್ನು ಓದಿ ನನಗೆ ಬಂದ ಸಮಾಧಾನದ ಸಂಗತಿಯನ್ನು ಯಾರಾದರೂ ಕೇಳಿದರೆ, ಇಲ್ಲವೆಂದು ಸುಳ್ಳು ಹೇಳಲಾರೆ” ಎಂದಳು. ಭಟ್ಟರು ತಲೆದೂಗಿ ಹೊರಟುಹೋದರು. ಕಥೆಗಳು ನಿಂತುವು. ಭಟ್ಟರು ಟಪಾಲಿನವನಿಗೆ ಹೇಳಿ ಕಾಗದಗಳನ್ನು ದೇವಸ್ಥಾನಕ್ಕೇ ತರಿಸಿಕೊಳ್ಳಲಾರಂಭಿಸಿದುದರಿಂದ ಓದುವುದೂ ನಿಂತಿತು. ಎದುರುಬದುರು ಮನೆಗಳ ನಡುವೆ ಏಳೆಂಟು ತಿಂಗಳು ಬರಿಯ ದಾರಿ ಇದ್ದಿತು.

ಆಮೇಲೆ ಒಂದು ದಿನ ಭಟ್ಟರು ಪೂಜೆಯ ಮಡಿಯಲ್ಲಿಯೇ ಶಾಲೆಯ ಬಾಗಿಲಿಗೆ ಬಂದರು. ಕೈಯಲ್ಲಿ ಮುಂಬಯಿಯ ಕಾಗದ. ತಮ್ಮನು ವಿಷಮಜ್ವರದಿಂದ ತೀರಿಕೊಂಡು ಐದನೆಯ ದಿನವಾಗಿತ್ತು. “ನಾನು ಓದಿಕೊಂಡೆ. ಅಮ್ಮನಿಗೆ ಹೇಳಲು ನನ್ನಿಂದ ಆಗುವುದಿಲ್ಲ ಟೀಚರೇ. ಅವನ ಕಾಗದವನ್ನು ಅಮ್ಮ ನಿಮ್ಮ ಬಾಯಿಂದಲೇ ಕೇಳಿ ಅಭ್ಯಾಸ” ಎಂದರು. ಆಕೆ ಮಕ್ಕಳನ್ನು ಮನೆಗೆ ಬಿಟ್ಟು ಅವರ ಹಿಂದೆ ಹೋದಳು.

ಮರಣದ ಸುದ್ದಿ ಹತ್ತು ದಿನಗಳ ಒಳಗೆ ಬಂದರೆ ಉಳಿದ ದಿನಗಳಷ್ಟೇ ಆಶೌಚವೆಂದು ಶಾಸ್ತ್ರ. ಆದುದರಿಂದ ಆ ಮನೆಗೆ ಆರು ದಿನದ ಸೂತಕವಾಯಿತು. ಸೂತಕದ ಮನೆಯನ್ನು ಸ್ವಜಾತಿಯವರು ಮುಟ್ಟರು, ಬಂದರೂ ಅಂಗಳದಲ್ಲಿ
ನಿಂತು ನಾಲ್ಕು ಮಾತನಾಡಿ, ಹೋಗಿ ಸ್ನಾನ ಮಾಡುವರು. ಅವರನ್ನು ದೂರುವಂತಿಲ್ಲ, ಅದು ವಿಧಿ. ಇತ್ತ ಮುಟ್ಟಬಾರದವರೆಂದು ಎಣಿಸುವ ಮಡಿಯೇ ಆ ಆರು ದಿನ ಆ ಮನೆಯಲ್ಲಿ ಇರಲಿಲ್ಲ. ಉಪಾಧ್ಯಾಯಿನಿಗೆ ಸೂತಕದ ಅಡ್ಡಿಯೂ ಇಲ್ಲ. ಶಾಲೆಯಿಂದ ನೆಟ್ಟಗೆ ಬಂದು ಆ ಅಮ್ಮನ ಪಕ್ಕದಲ್ಲಿ, ಅದೇ ಚಾಪೆಯ ಮೇಲೆ, ಬೆನ್ನಿನ ಮೇಲೆ ಕೈಯಿಟ್ಟು ಕುಳಿತುಕೊಳ್ಳುತ್ತಿದ್ದಳು. ಪುಸ್ತಕವನ್ನು ತರಲಿಲ್ಲ, ದೇವರ ಮಾತನ್ನೂ ಎತ್ತಲಿಲ್ಲ. ನಾಲ್ಕನೆಯ ದಿನ ಅಮ್ಮನವರೇ, “ಆ ನಾಣ್ಯ ಕಳೆದವಳ ಕಥೆಯನ್ನು ಹೇಳು” ಎಂದರು. ಭಟ್ಟರು ಕಂಬಕ್ಕೆ ಒರಗಿ ಕುಳಿತಿದ್ದರು. ಆಕೆ ಅವರ ಕಡೆಗೆ ನೋಡಿದಳು. ಅವರು ಎದ್ದು ಹೋಗಲಿಲ್ಲ.

ಶುದ್ಧವಾದ ಮೇಲೆ ಮನೆಯ ಕಟ್ಟಳೆಗಳು ಹಿಂದಿನಂತೆ ನಡೆದುವು. ಉಪಾಧ್ಯಾಯಿನಿಯ ಸ್ಥಾನ ಮತ್ತೆ ಜಗಲಿ. ಆದರೆ ಅಂಚಿನಲ್ಲಿ ಅಲ್ಲ, ಗೋಡೆಯ ಬದಿಯಲ್ಲಿ ಚಾಪೆ ಬಿದ್ದಿರುತ್ತಿತ್ತು. ಕಾಗದ ಬರೆಯುವ ಮಗನಿಲ್ಲದೆ ಇದ್ದುದರಿಂದ ಓದುವುದಕ್ಕೆ ಕಾಗದಗಳಿರಲಿಲ್ಲ. ಶನಿವಾರದ ಕಥೆಗಳು ನಡೆದುವು, ಸುಧಾಮನೂ ಬಂದನು. ಕೇರಿಯವರು ಏನೆಂದರೋ ಏನೋ, ದೇವಸ್ಥಾನದ ಬಾಗಿಲು ಭಟ್ಟರಿಗೆ ಮುಚ್ಚಲಿಲ್ಲ. ಆ ಅಮ್ಮ ಕೊನೆಯವರೆಗೂ ತುಳಸಿಗೆ ನೀರೆರೆದರು. ಉಪಾಧ್ಯಾಯಿನಿ ಅವರನ್ನು ಬೇರೆ ಏನನ್ನೂ ಮಾಡೆಂದು ಕೇಳಲಿಲ್ಲ. ಆಕೆ ತನ್ನ ಪ್ರಾರ್ಥನೆಯಲ್ಲಿ ಅವರ ವಿಷಯವಾಗಿ ಏನು ಬೇಡಿಕೊಳ್ಳುತ್ತಿದ್ದಳೆಂಬುದು ಆಕೆಗೂ ಆಕೆಯ ದೇವರಿಗೂ ಸೇರಿದ ಮಾತು.

ಕೆಲವು ವರ್ಷಗಳ ಮೇಲೆ ಆಕೆಗೆ ಕುಂದಾಪುರದ ಕಡೆಗೆ ವರ್ಗವಾಯಿತು. ಭಟ್ಟರ ಮನೆಯಿಂದ ವರ್ಷಕ್ಕೆ ಎರಡು ಮೂರು ಕಾಗದಗಳು ಹೋಗುತ್ತಿದ್ದುವು. ಅಕ್ಷರ ಭಟ್ಟರದು, ಮಾತು ತಾಯಿಯದು. ಒಂದರಲ್ಲಿ, ನಾಣ್ಯ ಸಿಕ್ಕಿದ ಆ ಹೆಂಗಸಿನ ಹೆಸರೇನು, ನೀನು ಹೇಳಲೇ ಇಲ್ಲ ಎಂದು ಕೇಳಿದ್ದರು. ಪುಸ್ತಕದಲ್ಲಿ ಹೆಸರನ್ನು ಕೊಟ್ಟಿಲ್ಲವೆಂದು ಉಪಾಧ್ಯಾಯಿನಿ ಉತ್ತರ ಬರೆದಳು. ಅದಕ್ಕೆ ಭಟ್ಟರ ಕೈಬರಹದಲ್ಲಿ ಮರುಟಪಾಲಿಗೆ ಬಂದ ಕಾರ್ಡಿನಲ್ಲಿ, ಹತ್ತು ಬೆಳ್ಳಿ ನಾಣ್ಯವಿದ್ದ ಮನೆಯ ಯಜಮಾನಿತಿಗೆ ಹೆಸರಿಲ್ಲದೆ ಇರುತ್ತದೆಯೇ, ಬರೆದವನು ವಿಚಾರಿಸಿರಲಿಕ್ಕಿಲ್ಲ, ಆ ನೆರೆಹೊರೆಯವರನ್ನು ಕೇಳಿದ್ದರೆ ಹೇಳುತ್ತಿದ್ದರು ಎಂದಿತ್ತು.